ಸ್ಟಾಕ್ ರಿಜಿಸ್ಟರಿನಲ್ಲಿ ಇಲ್ಲದ ಡಿಸ್ಕ್

ಕಂಪ್ಯೂಟರಿನ ಕರ್ನೆಲ್ಲಿಗೂ ಮೆಣಸಿನಕಾಯಿ ಬೋಂಡಕ್ಕೂ ಏನಪ್ಪಾ ಸಂಬಂಧ ಅಂತ ಕೇಳುವವರು, ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆಯಲ್ಲಿರುವ ಆ ಎಂಜಿನಿಯರಿಂಗ್ ಕಾಲೇಜಿಗೆ ಒಂದು ಸಲ ಹೋಗಿ ನೋಡಬೇಕು. ಅಲ್ಲಿನ ಕಂಪ್ಯೂಟರ್ ವಿಭಾಗದಲ್ಲಿ ಬೋಂಡ ಬರುವ ತನಕ ಮೀಟಿಂಗ್ ಶುರುವಾಗುವುದಿಲ್ಲ, ಬೋಂಡ ಮುಗಿದರೂ ಮೀಟಿಂಗ್ ಮುಗಿಯುವುದಿಲ್ಲ. ಆವತ್ತಿನ ವಿಷಯ, ಕರ್ನೆಲ್ಲಿನಲ್ಲಿ ಬೇಡದ್ದನ್ನೆಲ್ಲ ತೆಗೆದುಹಾಕುವುದು.

ಕರ್ನೆಲ್ ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. ಅದನ್ನು ಸಿದ್ಧಪಡಿಸುವಾಗ ಪರದೆಯ ಮೇಲೆ ಉದ್ದನೆಯ ಪಟ್ಟಿ ಬರುತ್ತದೆ. ಈ ಜಾತಿಯ ಡಿಸ್ಕ್ ಬೇಕೋ, ಆ ಜಾತಿಯದು ಬೇಕೋ, ಟೇಪು ಬೇಕೋ, ಫ್ಲಾಪಿ ಬೇಕೋ ಅಂತ ಒಂದೊಂದಕ್ಕೂ ‘ವೈ’ ಅಥವಾ ‘ಎನ್’ ಒತ್ತುತ್ತಾ ಹೋಗಬೇಕು. ‘ವೈ’ ಅಂದದ್ದು ಕಂಪ್ಯೂಟರಿಗೆ ಗೊತ್ತಿರುತ್ತದೆ. ‘ಎನ್’ ಅಂದದ್ದು ಹೊಟ್ಟೆಯೊಳಗೇ ಇದ್ದರೂ ಅದರ ಪಾಲಿಗೆ ಇಲ್ಲ. ತಿಳಿದವರು ಒಂದು ಮಧ್ಯಾಹ್ನ ಕೂತರೆ ಮುಗಿಯುವ ಕೆಲಸ. ಆ ವಿಭಾಗದಲ್ಲಿ ಅದನ್ನು ತಿಳಿದವಳು ಒಬ್ಬಳೇ, ಲ್ಯಾಬ್ ನೋಡಿಕೊಳ್ಳುವ ಶೋಭಿತಾ. ಹಳ್ಳಿಮೈಸೂರಿನಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಬರುವವಳು, ಒಂಬತ್ತು ವರ್ಷದಿಂದ ಟೆಂಪರರಿ.

ವಿಭಾಗದ ಮುಖ್ಯಸ್ಥರು ಡಾಕ್ಟರ್ ಕೀರ್ತಿರಾಜ್. ಒಳ್ಳೆಯ ಕಾಲೇಜುಗಳು ತಮ್ಮದೇ ಕರ್ನೆಲ್ ತಯಾರಿಸಿಕೊಳ್ಳುತ್ತವೆ ಅಂತ ಯಾವುದೋ ಕಾರ್ಯಾಗಾರದ ಊಟದ ಸಾಲಿನಲ್ಲಿ ಅವರ ಕಿವಿಗೆ ಬಿದ್ದಿತ್ತು. ಮುಂದಿನ ತಿಂಗಳು ಕಾಲೇಜಿಗೆ ಗ್ರೇಡ್ ಕೊಡುವ ಇನ್‌ಸ್ಪೆಕ್ಷನ್ ತಂಡ ಬರುವುದಿತ್ತು. ಸರಿ, ಶೋಭಿತಾಳನ್ನು ಕರೆದು, “ಲ್ಯಾಬಿನ ಅರವತ್ತು ಕಂಪ್ಯೂಟರಿಗೂ ನಮ್ದೇ ಕರ್ನೆಲ್ ಹಾಕ್ಬೇಕು ಕಣಮ್ಮ. ಗ್ರೇಡ್ ಬಂದ್ರೆ ಒಂದು ಪರ್ಮನೆಂಟ್ ಪೋಸ್ಟ್ ಸ್ಯಾಂಕ್ಷನ್ ಆಯ್ತದೆ. ಅದು ನಿಂದೇ ಅಂದ್ಕೊ” ಅಂದಿದ್ದರು. ಅವಳು ಅಂದುಕೊಂಡಳು. ಮನೆಯಲ್ಲಿ ಅವ್ವ ಮಲ್ಲಿಗಮ್ಮನಿಗೂ ಹೇಳಿಬಿಟ್ಟಳು. ಮಲ್ಲಿಗಮ್ಮ ಕೂಲಿಗೆ ಹೋದ ಹೊಲದಲ್ಲೆಲ್ಲ ಸಾರಿಕೊಂಡು ಬಂದಳು.

ಆದರೆ ಒಬ್ಬಳೇ ಕೂತು ಮಾಡಿದರೆ ಅದು ವಿಭಾಗದ ಕೆಲಸ ಹೇಗಾದೀತು? ಸಮಿತಿ ಕೂರಬೇಕು, ಒಂದೊಂದು ಸಾಲೂ ಚರ್ಚೆಯಾಗಬೇಕು, ನಿರ್ಣಯ ಪುಸ್ತಕಕ್ಕೆ ಏರಬೇಕು. ಯಾವುದು ಬೇಕು, ಯಾವುದು ಬೇಡ ಅಂತ ಹೇಳಲು ಯಾರನ್ನು ಕರೆಸಿದರು ಅಂತೀರಿ? ಸ್ಟೋರ್‌ಕೀಪರ್ ತಿಮ್ಮಪ್ಪನನ್ನು! ತಿಮ್ಮಪ್ಪ ಕಂಕುಳಲ್ಲಿ ಸ್ಟಾಕ್ ರಿಜಿಸ್ಟರ್ ಇಟ್ಟುಕೊಂಡು ಬಂದು ಮೇಜಿನ ತುದಿಗೆ ಕೂತ. ಕಾಲೇಜಿನಲ್ಲಿ ಏನಿದೆ ಏನಿಲ್ಲ ಅನ್ನುವುದಕ್ಕೆ ಆ ರಿಜಿಸ್ಟರಿಗಿಂತ ದೊಡ್ಡ ಸಾಕ್ಷಿ ಇಲ್ಲ ಅನ್ನುವುದು ಮುಖ್ಯಸ್ಥರ ನಂಬಿಕೆ.

“ಫ್ಲಾಪಿ?” ಅಂದರು ಕೀರ್ತಿರಾಜ್.

“ಎಲ್ಡವೆ ಸಾ. ಒಂದ್ರೊಳಗೆ ಹಲ್ಲಿ ಮೊಟ್ಟೆ ಇಕ್ಕ್ಯದೆ. ಇನ್ನೂ ಕಂಡೆಮ್ ಮಾಡಿ ಲೆಕ್ಕದಿಂದ ತೆಗ್ದಿಲ್ಲ.”

“ಅಂದ್ಮೇಲೆ ಇರ್ಲಿ. ವೈ ಹಾಕಮ್ಮ. ಟೇಪು?”

“ಅದೂ ಒಂದದೆ ಸಾ, ಬೀರು ಮ್ಯಾಲೆ.”

“ವೈ. ಸ್ಕಸಿ ಜಾತಿ ಡಿಸ್ಕು?”

ತಿಮ್ಮಪ್ಪ ಹಾಳೆ ತಿರುವಿದ, ಕನ್ನಡಕ ಏರಿಸಿದ, ಮತ್ತೆ ತಿರುವಿದ. “ಇಲ್ಲ ಸಾ. ಒಂದೂ ಬಂದಿಲ್ಲ, ಕಾಲೇಜು ಉಟ್ದಾಗಿಂದ್ಲೂ ಬಂದಿಲ್ಲ.”

“ತೆಗಿ. ಎನ್.”

ಶೋಭಿತಾ ಎದ್ದು ನಿಂತಳು. “ಸಾರ್, ಅದೊಂದು ತೆಗೀಬಾರ್ದು. ನಮ್ಮ ಡಿಸ್ಕುಗಳು ಸಾಟಾ ಜಾತಿಯವು, ನಿಜ. ಆದ್ರೆ ಕರ್ನೆಲ್ಲು ಅವನ್ನ ನೋಡೋದು ಈ ಸ್ಕಸಿ ಡಿಸ್ಕ್ ಅನ್ನೋ ದಾರೀಲೇ. ಸಾಟಾ ಭಾಗ ಡಿಸ್ಕನ್ನ ಬಾಗಿಲ ತನಕ ಕರ್ಕೊಂಡು ಬತ್ತದೆ, ಒಳಕ್ಕೆ ಕರ್ಕೊಳ್ಳೋದು ಇದು. ಇದನ್ನ ತೆಗೆದ್ರೆ ಕಂಪ್ಯೂಟರ್ ಆನ್ ಆಗಿ, ತನ್ನ ಡಿಸ್ಕೇ ಕಾಣದೆ ಅಲ್ಲೇ ನಿಂತ್ಬುಡ್ತದೆ.”

ಕೀರ್ತಿರಾಜ್ ನಕ್ಕರು. ಅವರು ನಕ್ಕಿದ್ದರಿಂದ ಮಿಕ್ಕ ಹತ್ತು ಜನ ಮೇಷ್ಟ್ರುಗಳೂ ನಕ್ಕರು. “ಅಲ್ಲ ಕಣಮ್ಮ, ನಾವು ತಗೊಂಡೇ ಇಲ್ದಿರೋ ಸಾಮಾನಿಗೆ ನಮ್ಮ ಕರ್ನೆಲ್ಲಲ್ಲಿ ಯಾಕೆ ಜಾಗ? ನಾಳೆ ಆಡಿಟ್‌ನೋನು ಕೇಳಿದ್ರೆ ನಿಮ್ಮಪ್ಪ ಬಂದು ಉತ್ತರ ಕೊಡ್ತಾನಾ?” ಹಲ್ಲಿ ಮೊಟ್ಟೆಯಿಟ್ಟ ಫ್ಲಾಪಿಗೆ ವೈ, ಅರವತ್ತು ಕಂಪ್ಯೂಟರು ನಿಂತಿದ್ದ ಬುಡಕ್ಕೇ ಎನ್. ಹನ್ನೊಂದು ಸಹಿ ಬಿತ್ತು. ಬೋಂಡದ ಎಣ್ಣೆ ಕೈಯಲ್ಲೇ ಹಾಕಿದ ಸಹಿಗಳು.

ಶೋಭಿತಾ ತಲೆಯಿರುವವರು ಮಾಡುವುದನ್ನೇ ಮಾಡಿದಳು. ಸಮಿತಿ ಹೇಳಿದ್ದನ್ನೆಲ್ಲ ಹಾಗೇ ಹಾಕಿ, ಸ್ಕಸಿ ಡಿಸ್ಕಿನ ಮುಂದೆ ಮಾತ್ರ ತುಟಿಪಿಟಕ್ ಅನ್ನದೆ ವೈ ಒತ್ತಿದಳು. ಅರವತ್ತೂ ಕಂಪ್ಯೂಟರುಗಳು ಜುಮ್ಮಂತ ಎದ್ದವು. ಕೀರ್ತಿರಾಜ್ ಬಂದು ನೋಡಿ, “ನೋಡ್ದಾ? ಇಲ್ದಿದ್ರೆ ನಿಂತೋಯ್ತದೆ ಅಂತಿದ್ದೆ!” ಅಂದರು. ಅವಳು “ಹೂಂ ಸಾರ್” ಅಂದಳು. ಪೋಸ್ಟಿನ ಆಸೆ, ಇನ್ನೇನು ಮಾಡುತ್ತಾಳೆ?

ಇನ್‌ಸ್ಪೆಕ್ಷನ್ ತಂಡ ಬಂತು. ಚನ್ನರಾಯಪಟ್ಟಣದಿಂದ ತರಿಸಿದ ಎಳನೀರು ಕುಡಿಯಿತು, ರೇಷ್ಮೆ ಶಾಲು ಹೊದೆಯಿತು, ಆಮೇಲೆ ಲ್ಯಾಬಿಗೆ ಬಂತು. ಕೀರ್ತಿರಾಜ್ ಎದೆಯುಬ್ಬಿಸಿ, “ಸ್ಕಸಿಯನ್ನು ಪೂರ್ತಿ ಕೈಬಿಟ್ಟ ಜಿಲ್ಲೆಯ ಮೊದಲ ಕಾಲೇಜು ನಮ್ಮದು. ಸ್ಟಾರ್ಟ್ ಆಗೋದಕ್ಕೆ ಹನ್ನೊಂದೇ ಸೆಕೆಂಡು” ಅಂದರು. ತಂಡದವರು ತಲೆದೂಗಿದರು. ಅವರಲ್ಲಿ ಒಬ್ಬರಿಗಾದರೂ ಅನುಮಾನ ಬರಬೇಕಲ್ಲ! ಊಟ ಅಷ್ಟು ಗಡದ್ದಾಗಿತ್ತೋ ಏನೋ. ‘ಅನಗತ್ಯ ಸ್ಕಸಿ ಬೆಂಬಲವನ್ನು ತೆಗೆದಿರುವುದು ಮೆಚ್ಚತಕ್ಕದ್ದು’ ಅಂತ ವರದಿಯಲ್ಲೇ ಬರೆದು ಹೋದರು. ಗ್ರೇಡ್ ಬಂತು. ಆ ಸಾಲನ್ನು ಫ್ಲೆಕ್ಸ್ ಮಾಡಿಸಿ ಗೇಟಿಗೆ ಕಟ್ಟಿದರು, ಕೀರ್ತಿರಾಜರ ಫೋಟೋ ಸಮೇತ. ಪೋಸ್ಟೂ ಸ್ಯಾಂಕ್ಷನ್ ಆಯಿತು.

ಶೋಭಿತಾ ಅರ್ಜಿ ಹಿಡಿದು ಕಾಲೇಜಿನ ಸೆಕ್ರೆಟರಿ ದೇವರಾಜ್ ಅವರ ಕೋಣೆಗೆ ಹೋದಳು. ಮೂವತ್ತೆಕರೆ ತೋಟದ ಯಜಮಾನರು, ಕಾಲೇಜನ್ನೂ ತೋಟದ ಹಾಗೇ ನೋಡಿಕೊಳ್ಳುವವರು. ಪಕ್ಕದಲ್ಲೇ ಕೀರ್ತಿರಾಜ್ ಕೂತಿದ್ದರು.

“ನೀನೇನ್ ಮಾಡಿದ್ದೀಯಮ್ಮ?” ಅಂದರು ದೇವರಾಜ್. “ಪುಸ್ತಕದಲ್ಲಿ ನಿನ್ನ ಹೆಸರೇ ಇಲ್ವಲ್ಲ. ಕರ್ನೆಲ್ ಮಾಡಿದ್ದು ಸಮಿತಿ ಅಂತದೆ.”

“ಅವಳು ಟೈಪ್ ಮಾಡಿದ್ಲು ಸಾರ್, ಅಷ್ಟೇಯ” ಅಂದರು ಕೀರ್ತಿರಾಜ್.

ಟೈಪ್! ಅವಳ ಮೈಯೆಲ್ಲ ಉರಿದುಹೋಯಿತು. ಒಂಬತ್ತು ವರ್ಷ ಅದುಮಿಟ್ಟುಕೊಂಡದ್ದೆಲ್ಲ ಈಚೆಗೆ ಬಂತು. “ಸಾರ್, ಸಮಿತಿ ಹೇಳಿದಂಗೆ ಟೈಪ್ ಮಾಡಿದ್ರೆ ಒಂದೇ ಒಂದು ಕಂಪ್ಯೂಟರೂ ಏಳ್ತಿರ್ಲಿಲ್ಲ. ಸ್ಕಸಿ ನಾನು ತೆಗೆದೇ ಇಲ್ಲ. ಬೇಕಾದ್ರೆ ಫೈಲ್ ತೆಗೆದು ತೋರಿಸ್ತೀನಿ, ಬನ್ನಿ” ಅಂದುಬಿಟ್ಟಳು.

ಕೀರ್ತಿರಾಜರ ಮುಖ ಬಿಳಿಚಿಕೊಂಡಿತು. ಆದರೆ ದೇವರಾಜ್ ಕೇಳಿಸಿಕೊಂಡದ್ದೇ ಬೇರೆ. “ಅಂದ್ರೆ ನಿರ್ಣಯ ಮೀರಿದ್ದೀಯ. ಗೇಟಿಗೆ ಕಟ್ಟಿರೋದು ಸುಳ್ಳು ಅಂತ ಮಾಡಿದ್ದೀಯ. ನಾಳೆ ಯಾರಾದ್ರೂ ಮೇಲಕ್ಕೆ ಬರ್ದು, ಅವರು ಗ್ರೇಡ್ ಕಿತ್ಕೊಂಡ್ರೆ? ಯೋವ್ ಕೀರ್ತಿರಾಜು, ಇವಳಿಗೊಂದು ಮೆಮೋ ಕೊಡಯ್ಯ. ಮೂರು ದಿನದೊಳಗೆ ನಿರ್ಣಯದಲ್ಲಿ ಹೆಂಗದೆ ಹಂಗೇ ಆಗ್ಬೇಕು.”

ಮೆಮೋ ಬಂತು. ಅವಳು ಉತ್ತರದಲ್ಲಿ ‘ಹೀಗೆ ಮಾಡಿದರೆ ಯಾವ ಕಂಪ್ಯೂಟರೂ ಶುರುವಾಗುವುದಿಲ್ಲ’ ಅಂತ ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಬರೆದಳು. ಯಾರೂ ಓದಲಿಲ್ಲ. ಆಮೇಲೆ ಕೂತು, ಒಂದು ವೈ ಅಳಿಸಿ ಎನ್ ಹಾಕಿ, ಹೊಸ ಕರ್ನೆಲ್ ತಯಾರಿಸಿ ಅರವತ್ತಕ್ಕೂ ಹಾಕಿದಳು. ಹಳೆಯದನ್ನು ಮಾತ್ರ ಅಳಿಸಲಿಲ್ಲ; ಕಂಪ್ಯೂಟರ್ ಏಳುವಾಗ ಯಾವ ಕರ್ನೆಲ್ ಬೇಕು ಅಂತ ಕೇಳಿ ಮೂರು ಸೆಕೆಂಡು ಮಿಂಚಿಹೋಗುವ ಪಟ್ಟಿಯಲ್ಲಿ ಎರಡನೇ ಸಾಲಾಗಿ ಉಳಿಸಿದಳು.

ಕೀರ್ತಿರಾಜ್ ಖುದ್ದು ಬಂದು ನಿಂತರು. ಮೊದಲ ಕಂಪ್ಯೂಟರನ್ನು ಆರಿಸಿ, ಮತ್ತೆ ಹೊತ್ತಿಸಿದರು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಹರಿದು ಬಂದು, ಡಿಸ್ಕೇ ಇಲ್ಲ ಅಂತ ಕೂಗಿ ಗಕ್ಕನೆ ನಿಂತಿತು.

“ಇದು ಕೆಟ್ಟೋಗ್ಯದೆ” ಅಂದರು ಕೀರ್ತಿರಾಜ್. “ಮುಂದಿಂದು.”

ಮುಂದಿನದೂ ನಿಂತಿತು. “ಇದೂ ಕೆಟ್ಟದೆ.” ಮೂರನೆಯದು. “ಧೂಳು ಕೂತದೆ ಅಷ್ಟೇ.” ತಿಮ್ಮಪ್ಪ ಹಿಂದಿನಿಂದ ಒಂದೊಂದನ್ನೂ ರಿಜಿಸ್ಟರಿನಲ್ಲಿ ಕೆಟ್ಟದ್ದು ಅಂತ ಬರೆಯುತ್ತಾ ಬಂದ. ಮೂರನೇ ಸಾಲು ಮುಗಿಯುವ ಹೊತ್ತಿಗೆ ಕೀರ್ತಿರಾಜರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಆದರೂ ಬಿಡಬೇಕಲ್ಲ ಪುಣ್ಯಾತ್ಮ! ಅರವತ್ತನ್ನೂ ತಮ್ಮ ಕೈಯಾರೆ ಕೊಂದ ಮೇಲೆಯೇ ಕುರ್ಚಿ ಹಿಡಿದು ಕೂತರು.

“ನಾಡಿದ್ದು ಹುಡುಗ್ರಿಗೆ ಪ್ರಾಕ್ಟಿಕಲ್ ಪರೀಕ್ಷೆ ಕಣೇ ಶೋಭಿತಾ” ಅಂದರು. ದನಿ ಈಗ ಬೆಣ್ಣೆಯಾಗಿತ್ತು.

ಅವಳಿಗೆ ಸುಮ್ಮನೆ ಕೈಕಟ್ಟಿ ನಿಲ್ಲುವ ಆಸೆ ಆಗದೆ ಇರಲಿಲ್ಲ. ಆದರೆ ಕಿಟಕಿಯಾಚೆ ಪರೀಕ್ಷೆಗೆ ಕೂರುವ ನಿಧಿ ಮತ್ತವಳ ಗೆಳತಿಯರು ಪುಸ್ತಕ ಹಿಡಿದು ಬಾಯಿಪಾಠ ಮಾಡುತ್ತಿದ್ದರು. ಅವಳು ಒಂದೊಂದೇ ಕಂಪ್ಯೂಟರಿನ ಮುಂದೆ ಕೂತು ಪಟ್ಟಿಯ ಎರಡನೇ ಸಾಲು ಒತ್ತಿದಳು. ಅರ್ಧ ಗಂಟೆಯಲ್ಲಿ ಅರವತ್ತೂ ಎದ್ದವು.

“ಸಾರ್, ಇದು ಈ ಸಲಕ್ಕೆ ಮಾತ್ರ. ಇನ್ನೊಂದ್ ಸಲ ಆರಿಸಿ ಹೊತ್ತಿಸಿದ್ರೆ ಮತ್ತೆ ನಿಮ್ಮ ನಿರ್ಣಯದ್ದೇ ಮೊದ್ಲು ಬರೋದು. ಎನ್ ತೆಗೆದು ವೈ ಅಂತ ನಿರ್ಣಯ ತಿದ್ದಿಸಿ. ಒಂದೇ ಒಂದು ಅಕ್ಷರ.”

ಒಂದು ಅಕ್ಷರ ತಿದ್ದಲು ಮತ್ತೆ ಸಮಿತಿ ಕೂತಿತು, ಮತ್ತೆ ಬೋಂಡ ಬಂತು. ದೇವರಾಜರೂ ಬಂದರು. ತಿದ್ದಿದರೆ ಮೊದಲು ಮಾಡಿದ್ದು ತಪ್ಪು ಅಂತಾಯಿತು. ತಪ್ಪು ಅಂತಾದರೆ ವರದಿ ಸುಳ್ಳಾಯಿತು. ವರದಿ ಸುಳ್ಳಾದರೆ ಗೇಟಿನ ಫ್ಲೆಕ್ಸ್ ಇಳಿಸಬೇಕಾಯಿತು. ಇದೆಲ್ಲ ಬೇಡ, ಕಂಪ್ಯೂಟರುಗಳನ್ನು ಆರಿಸದಿದ್ದರೆ ಆಯಿತಲ್ಲ ಅಂತ ಸಮಿತಿ ಕಂಡುಕೊಂಡಿತು. ಇನ್ನು ಮುಂದೆ ಲ್ಯಾಬಿನ ಅರವತ್ತು ಕಂಪ್ಯೂಟರುಗಳನ್ನು ಯಾವ ಕಾರಣಕ್ಕೂ ಆರಿಸಕೂಡದು, ಭಾನುವಾರವಾಗಲಿ ದಸರಾ ರಜೆಯಾಗಲಿ ಉರಿಯುತ್ತಲೇ ಇರತಕ್ಕದ್ದು. ಹನ್ನೊಂದು ಸಹಿ.

“ಯಾರಾದ್ರೂ ಕೈ ಇಟ್ಬುಟ್ರೆ ಸಾ?” ಅಂದ ತಿಮ್ಮಪ್ಪ.

ಅದೂ ನಿಜವೇ. ಸ್ವಿಚ್ಚು ಕಾಯಲು ಒಬ್ಬರು ಬೇಕು. ಹೇಗೂ ಒಂದು ಪರ್ಮನೆಂಟ್ ಪೋಸ್ಟ್ ಸ್ಯಾಂಕ್ಷನ್ ಆಗಿ ಖಾಲಿ ಕೂತಿತ್ತು. ದೇವರಾಜರ ಷಡ್ಡಕನ ತಮ್ಮ ಧರ್ಮೇಂದ್ರ, ಅರಕಲಗೂಡಿನವನು, ನಲವತ್ತಾದರೂ ಎಲ್ಲೂ ನಿಂತು ಕೆಲಸ ಮಾಡಿದವನಲ್ಲ, ಅವನೂ ಹಾಗೇ ಖಾಲಿ ಕೂತಿದ್ದ. ಪರೀಕ್ಷೆ ಮುಗಿದು ಹುಡುಗರು ರಜೆಗೆ ಹೋದ ಮಾರನೆಯ ದಿನವೇ ಅವನಿಗೆ ಆರ್ಡರ್ ಆಯಿತು. ಶೋಭಿತಾಳಿಗೂ ಒಂದು ಚೀಟಿ ಬಂತು: ಹೊಸದಾಗಿ ಬಂದವರಿಗೆ ಕೆಲಸ ಕಲಿಸಿಕೊಡತಕ್ಕದ್ದು.

ಚೀಟಿ ಓದಿ ಅವಳು ಅಳಲಿಲ್ಲ. ಅವ್ವನಿಗೆ ಏನು ಹೇಳುವುದು ಅಂತ ಒಂದು ಗಳಿಗೆ ಸಂಕಟವಾಯಿತು, ಅಷ್ಟೆ. ಒಂದು ಬಿಳಿ ಹಾಳೆ ತೆಗೆದುಕೊಂಡು ರಾಜೀನಾಮೆ ಬರೆದು ಆಫೀಸಿನಲ್ಲಿ ಕೊಟ್ಟು, ಸೀಲು ಹಾಕಿಸಿಕೊಂಡು ಲ್ಯಾಬಿಗೆ ಬಂದಳು. ಧರ್ಮೇಂದ್ರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಗೋಡೆಯ ಮೈನ್ ಸ್ವಿಚ್ಚಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕಾಲಾಡಿಸುತ್ತಾ ಕೂತಿದ್ದ.

“ಬಾರಕ್ಕಾ. ಏನೋ ಕಲಿಸ್ಕೊಡ್ತೀಯಂತಲ್ಲ. ಸುಮ್ಕೆ ಕೂತ್ಕೊಳಾಕೆ ಏನ್ ಕಲೀಬೇಕು?” ಅಂತ ನಕ್ಕ. ಆಮೇಲೆ ಸ್ವಿಚ್ಚಿನತ್ತ ಗದ್ದ ತೋರಿಸಿ, “ಅಲ್ಲ, ಇದ್ನ ಕೆಳಕ್ಕೆ ಎಳುದ್ರೆ ಅಂಥಾದ್ದೇನಾಯ್ತದೆ?” ಅಂದ.

“ಬಾಯಲ್ಲಿ ಹೇಳಿದ್ರೆ ಇಲ್ಲಿ ಯಾರಿಗೂ ಅರ್ಥ ಆಗಲ್ಲ ಕಣಣ್ಣ. ಒಂದ್ಸಲ ಎಳ್ದು ನೋಡು” ಅಂದಳು ಶೋಭಿತಾ, ಬ್ಯಾಗು ಹೆಗಲಿಗೇರಿಸುತ್ತಾ.

ಅವಳು ವರಾಂಡದ ಮೆಟ್ಟಿಲು ಇಳಿಯುತ್ತಿದ್ದಾಗ ಹಿಂದೆ ಅರವತ್ತು ಕಂಪ್ಯೂಟರುಗಳ ಫ್ಯಾನಿನ ಸದ್ದು ಒಟ್ಟಿಗೇ ನಿಂತಿತು. ಆಮೇಲೆ ಸ್ವಿಚ್ಚು ಮೇಲಕ್ಕೆ ಹೋದ ಸದ್ದು, ಅದರ ಹಿಂದೆಯೇ ಧರ್ಮೇಂದ್ರ “ಅಕ್ಕೋ, ಒಂದೂ ಏಳ್ತಿಲ್ಲ!” ಅಂತ ಗಾಬರಿಯಿಂದ ಕೂಗಿದ್ದು ಕೇಳಿಸಿತು. ಅಂತೂ ಆ ವಿಭಾಗದಲ್ಲಿ ಎಲ್ಲವೂ ಮತ್ತೆ ಸಮಿತಿಯ ಮೊದಲ ನಿರ್ಣಯದ ಪ್ರಕಾರವೇ ನಡೆದಿತ್ತು.