ಕೈ ಮುಟ್ಟದ ಕೇಕು

ತುತ್ತಿನಲ್ಲಿ ಪ್ರಾಣವನ್ನೂ ಪ್ರಾಣದಲ್ಲಿ ಹಸಿವನ್ನೂ ಇರಿಸಿದ ತಾಯಿ ಅನ್ನಪೂರ್ಣೆಗೆ ಮೊದಲ ವಂದನೆ. ಈ ಕಥೆಯೂ ಆಕೆಯ ಒಲೆಯ ಬಿಸಿಯಲ್ಲೇ ಬೇಯಲಿ.

"ತಿನ್ನಿ ಅಮ್ಮಾರೆ, ಯಾರ ಕೈಯೂ ಮುಟ್ಟಿದ್ದಲ್ಲ. ಎಲ್ಲಾ ಮಿಷಿನ್ನಲ್ಲೇ ಮಾಡಿದ್ದು!" ಎನ್ನುತ್ತ ದುಗ್ಗಮ್ಮ ಬಣ್ಣದ ಪೊಟ್ಟಣ ಹರಿದು, ತಟ್ಟೆಯನ್ನು ವಿಶಾಲಾಕ್ಷಮ್ಮನವರ ಮುಂದಿಟ್ಟಳು.

ಕವಲೇದುರ್ಗದ ಬುಡದಲ್ಲಿದ್ದ ದುಗ್ಗಮ್ಮನ ರೈತಾಪಿ ಮನೆಗೆ ಅರ್ಚಕರ ಮನೆಯ ವಿಶಾಲಾಕ್ಷಮ್ಮ ಎಷ್ಟೋ ವರ್ಷಗಳಿಂದ ಬರುತ್ತಿದ್ದರು. ಬಂದಾಗಲೆಲ್ಲ ಬಾಳೆಹಣ್ಣು, ಇಲ್ಲವೇ ಎಳನೀರು. ಆ ಒಲೆಯಲ್ಲಿ ಬೆಂದದ್ದನ್ನು ಮುಟ್ಟಿದವರಲ್ಲ. ಗೆಳತಿ ಏಕೆಂದು ಕೇಳಿರಲಿಲ್ಲ; ಇವರು ಹೇಳಿರಲೂ ಇಲ್ಲ. ಇಂದು ದುಗ್ಗಮ್ಮನ ಮೊಮ್ಮಗಳು ಭವ್ಯಾ ಪದವಿ ಪಡೆದ ಸಂಭ್ರಮ. ಬರಿಯ ಬಾಳೆಹಣ್ಣು ಕೊಡಲು ಮನಸ್ಸೊಪ್ಪದೆ ದುಗ್ಗಮ್ಮ, ಹೊಸನಗರದಲ್ಲಿ ಬಸ್ಸು ಬದಲಿಸಿ, ಸಾಗರದ ಫಾರಿನ್ ಸಾಮಾನಿನ ಅಂಗಡಿಯಿಂದ, ಮೊಟ್ಟೆ ಇಲ್ಲ ತಾನೇ ಎಂದು ಕೇಳಿ ಕೇಳಿ ಈ ಕೇಕು ತಂದಿದ್ದಳು.

ಮೇಲೆ ಚಾಕಲೇಟಿನ ತೆಳುಹೊದಿಕೆ, ಎರಡು ಪದರಗಳ ನಡುವೆ ಮೋಡದಂಥ ಬಿಳಿ. ವಿಶಾಲಾಕ್ಷಮ್ಮ ಬೆರಳಿನಿಂದ ಒತ್ತಿದರು. ತಗ್ಗಿ, ಮತ್ತೆ ಉಬ್ಬಿತು. "ಎಂಥ ಚಂದ ಮಾರಾಯ್ತಿ, ಹಸುಗೂಸಿನ ಕೆನ್ನೆ ಹಂಗೆ!"

ಆಹಾರವಿಜ್ಞಾನ ಓದಿದ ಭವ್ಯಾ ಪೊಟ್ಟಣವನ್ನು ತಿರುಗಿಸಿದಳು. "ಸಕ್ಕರೆ, ಗ್ಲೂಕೋಸ್ ಸಿರಪ್, ಮೈದಾ, ತಾಳೆ ಎಣ್ಣೆ. ಅಜ್ಜೀ, ಪ್ರೋಟೀನನ್ನ ಇದರಲ್ಲಿ ಟಾರ್ಚ್ ಹಿಡಿದು ಹುಡುಕಬೇಕು..." ದನಿ ನಿಂತಿತು. ತುಟಿಯ ಬಳಿಗೆ ಬಂದಿದ್ದ ವಿಶಾಲಾಕ್ಷಮ್ಮನವರ ಕೈಯನ್ನು ಅವಳು ಹಿಡಿದುಕೊಂಡಳು. "ತಿನ್ಬೇಡಿ ಅಮ್ಮಾರೆ. ಹಸಿರು ಚುಕ್ಕಿನೇ ಇಲ್ಲ. ಜೆಲಟಿನ್ ಹಾಕಿದಾರೆ. ಪ್ರಾಣಿ ಮೂಳೆ, ಚರ್ಮ ಬೇಯ್ಸಿ ತೆಗೆಯೋದು ಅದು."

"ಅಯ್ಯೋ ದೇವ್ರೇ, ನಾನೇ ಕೈಯಾರೆ ಇವರ ವ್ರತ ಕೆಡಿಸ್ತಿದ್ನಲ್ಲೇ!" ದುಗ್ಗಮ್ಮ ತಟ್ಟೆಯನ್ನು ಸೆಳೆದು ಸೆರಗಿನಡಿ ಮುಚ್ಚಿಕೊಂಡಳು. ಕಣ್ಣೊರೆಸಿಕೊಂಡು ಬಾಳೆಹಣ್ಣನ್ನು ಮುಂದೆ ಸರಿಸಿದಳು.

ಈಗ ತಾನು ಬಾಳೆಹಣ್ಣು ತಿಂದು ಎದ್ದರೆ, ದುಗ್ಗಮ್ಮನ ಕೈ ಇನ್ನೆಂದೂ ತನ್ನ ಮುಂದೆ ತಟ್ಟೆ ಇಡದು. ವಿಶಾಲಾಕ್ಷಮ್ಮನವರಿಗೆ ಅದು ತಿಳಿಯಿತು. ಒಳಗಿನಿಂದ ಹಲಸಿನೆಲೆ ಬೆಂದ ಪರಿಮಳ ಬರುತ್ತಿತ್ತು.

"ಒಲೆ ಮೇಲೆ ಎಂತ ಇಟ್ಟಿದೀಯ?"

"ಕೊಟ್ಟೆಕಡುಬು. ನಮಗೆ ಅಂತ ಮಾಡಿದ್ದು."

"ಎಂತೆಂತ ಹಾಕಿದೀಯ?"

"ಅಕ್ಕಿ, ಉದ್ದು, ಉಪ್ಪು. ಇನ್ನೆಂತ ಹಾಕೋದು?"

"ಹಂಗಾರೆ ಅದನ್ನೇ ತಾ."

ದುಗ್ಗಮ್ಮ ಅಲುಗಲಿಲ್ಲ. "ಅಮ್ಮಾರೆ, ಅದು ನನ್ನ ಕೈಯಲ್ಲಿ ಮಾಡಿದ್ದು..."

"ಗೊತ್ತು. ಅದಕ್ಕೇ ಕೇಳ್ತಿರೋದು."

"ಕಡುಬಿನ ಲೇಬಲ್ ಬೇಕಾದ್ರೆ ನಾನು ಓದ್ತೀನಿ ಅಜ್ಜೀ: ಅಕ್ಕಿ, ಉದ್ದು, ಉಪ್ಪು," ಎಂದಳು ಭವ್ಯಾ. ದುಗ್ಗಮ್ಮ ಅಳುತ್ತಲೇ ನಕ್ಕು, ಒಳಗೆ ಹೋದಳು.

ಎಲೆಯ ಕೊಟ್ಟೆ ಬಿಚ್ಚಿದಾಗ ಆವಿ ಎದ್ದಿತು. ಹಲಸಿನೆಲೆಯ ನರನರವೂ ಕಡುಬಿನ ಬಿಳಿಯ ಮೈಮೇಲೆ ಅಚ್ಚೊತ್ತಿ ನಿಂತಿತ್ತು. ವಿಶಾಲಾಕ್ಷಮ್ಮ ಆ ಗೆರೆಗಳನ್ನು ಕಣ್ತುಂಬ ನೋಡಿ, ಮುರಿದು, ಬಾಯಿಗಿಟ್ಟರು. ಪೂರ್ತಿ ತಿಂದು ಮುಗಿಸಿ, ಇನ್ನೊಂದು ಬೇಕೆಂದು, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ದುಗ್ಗಮ್ಮನ ಕಡೆಗೆ ಖಾಲಿ ಎಲೆಯನ್ನು ಚಾಚಿದರು.

ಕಥೆ ಕೇಳಿದವರ ಮನೆಯ ಒಲೆ ಆರದಿರಲಿ. ಬಡಿಸುವ ಕೈಗೂ ಉಣ್ಣುವ ಬಾಯಿಗೂ ಮಂಗಳವಾಗಲಿ.