ಮದ್ದಿನ ಕೋಣೆ

“ಒಳಿಕ್ಕೆ ನುಗ್ರಲಾ ಸೂಳೆಮಕ್ಳಾ! ಆಸ್ಪತ್ರೆ ಜೀಪು ಚಿನಕುರಳಿ ದಾಟ್ಬುಡ್ತಂತೆ. ಒಬ್ರು ಉಸ್ರೆತ್ತುದ್ರೂ ಇಲ್ಲೇ ಊತಾಕ್ಬುಡ್ತೀನಿ!”

ಕಲ್ಲುಕೋರೆಯ ಮಾಲೀಕ ಲೋಕೇಶ ಬೆತ್ತದಿಂದ ಬೆನ್ನುಗಳನ್ನು ತಿವಿಯುತ್ತ ಆಳುಗಳನ್ನು ಮದ್ದಿನ ಕೋಣೆಗೆ ಅಟ್ಟುತ್ತಿದ್ದ. ಬಂಡೆ ಸಿಡಿಸುವ ಮದ್ದನ್ನು ಇಡುತ್ತಿದ್ದ ತಗಡಿನ ಕೋಣೆ ಅದು. ಕಿಟಕಿಯಿಲ್ಲ. ದೇವದುರ್ಗದ ಕಡೆಯಿಂದ ಬಂದು ಕೋರೆಯ ಮಗ್ಗುಲಲ್ಲೇ ಜೋಪಡಿ ಹಾಕಿಕೊಂಡಿದ್ದ ಗಂಡಸರು ಹೆಂಗಸರೆಲ್ಲ ತಲೆ ತಗ್ಗಿಸಿ ಒಳಗೆ ಹೋದರು. ಆಳುಗಳೆಂದು ತೋರಿಸಲು ಹೊರಗುಳಿಸಿಕೊಂಡವರು ಊರಿನವರೇ ಆದ ಲಾರಿ ಡ್ರೈವರುಗಳು. ಅವರ ಮುಖದ ಮೇಲೆ ಬೆಳಿಗ್ಗೆ ತಾನೇ ತಂದ ಹೊಸ ಮಾಸ್ಕು.

ಕಲ್ಲಿನ ದೂಳು ಕುಡಿದವರ ಎದೆ ಪರೀಕ್ಷೆ ಮಾಡಬೇಕೆಂದು ಸರ್ಕಾರದಿಂದ ಆದೇಶ ಬಂದಿತ್ತು. ಒಬ್ಬ ಆಳಿನ ಎದೆ ಕೆಟ್ಟಿದೆ ಎಂದು ಗೊತ್ತಾದರೂ ಕೋರೆ ಮುಚ್ಚಿಸುತ್ತಾರೆಂಬ ಭಯ ಲೋಕೇಶನಿಗೆ.

ಯಂಕೋಬ ಮಾತ್ರ ನೆಲ ಬಿಟ್ಟು ಏಳಲಿಲ್ಲ. ವರ್ಷಗಟ್ಟಲೆ ಬಂಡೆಗೆ ತೂತು ಕೊರೆದವನು. ಲೋಕೇಶ ಪಕ್ಕೆಗೆ ಒದ್ದ. ಯಂಕೋಬ ಮಗುಚಿಕೊಂಡು ಕೆಮ್ಮಿದ. ಬೆಳ್ಳನೆಯ ದೂಳಿನ ಮೇಲೆ ರಕ್ತ ಬಿತ್ತು.

ಹೆಂಡತಿ ಹುಲಿಗೆಮ್ಮ ಅಡ್ಡ ಬಂದಳು. “ಒದಿಬ್ಯಾಡ್ರಿ ಸಾವ್ಕಾರ! ಒಳಗ ಹಾಕಿದ್ರ ಸಾಯ್ತಾನ. ಡಾಕ್ಟ್ರು ಬರ್ತಾರಲ್ಲ, ಅವ್ರರ ನೋಡ್ಲಿ.”

“ನೋಡಿ ಏನ್ಮಾಡ್ಬೇಕೇ ಬೇವರ್ಸಿ? ನನ್ ಕೋರೆಗೆ ಬೀಗ ಜಡಿಸ್ಬೇಕಾ?” ಅವನು ಅವಳ ಜುಟ್ಟು ಹಿಡಿದು ಎಳೆದ. ಗಂಡಹೆಂಡಿರಿಬ್ಬರನ್ನೂ ಒಳಗೆ ದಬ್ಬಿ ಬೀಗ ಹಾಕಿದ.

ಜೀಪಿನಲ್ಲಿ ಬರುತ್ತಿದ್ದ ಡಾಕ್ಟರು ಸುಶಮೀಂದ್ರ. ಹುಲಿಗೆಮ್ಮನಿಗೆ ಅವನ ಮುಖ ಗೊತ್ತಿತ್ತು. ಮಳೆಗಾಲದಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ಗಂಡನನ್ನು ಅವನ ಮುಂದೆ ಕೂರಿಸಿ, “ಕಲ್ಲಿನ ದೂಳ್ರೀ ಸಾಹೇಬ್ರ, ಎದಿ ಹಿಡಕೊಂಡೈತಿ” ಎಂದಿದ್ದಳು.

“ಕಲ್ಲಿನ ಕಾಯಿಲೆ ಅಂತ ಬರೀಬೇಕು ಅಂದ್ರೆ, ಇವನು ನಮ್ಮ ಆಳು ಅಂತ ನಿಮ್ಮ ಮಾಲೀಕ ಒಪ್ಪಬೇಕಮ್ಮ. ಅದಿಲ್ಲದೆ ನಾನು ಬರೆದರೆ ನನ್ನ ಕುತ್ತಿಗೆಗೆ ಬರುತ್ತೆ. ಟಿಬಿ ಮಾತ್ರೆ ಕೊಡ್ತೀನಿ, ತಗೊಂಡು ಊರಿಗೆ ಹೊರಡಿ. ಎಲ್ಲೆಲ್ಲಿಂದಲೋ ಬಂದು ನಮ್ಮ ತಾಲ್ಲೂಕಿನ ಲೆಕ್ಕ ಕೆಡಿಸ್ತೀರಿ.”

ಮಾತ್ರೆ ನುಂಗಿ ಉಚ್ಚೆ ಕೆಂಪಗಾಯಿತು, ಉಸಿರು ಸಲೀಸಾಗಲಿಲ್ಲ. ಆಳು ಅಂತ ಒಪ್ಪಿಕೊಳ್ಳಿ ಎಂದು ಕೇಳಲು ಹೋದಾಗ ಲೋಕೇಶ ಹುಲಿಗೆಮ್ಮನ ಕೆನ್ನೆಗೆ ಬಾರಿಸಿದ್ದ.

ಈಗ ಮದ್ದಿನ ಕೋಣೆಯ ತಗಡು ಕಾದು ಒಳಗೆಲ್ಲ ಬೇಯುತ್ತಿತ್ತು. ಯಂಕೋಬನ ತಲೆ ಹೆಂಡತಿಯ ತೊಡೆಯ ಮೇಲಿತ್ತು. ಬಾಯಿ ದೊಡ್ಡದಾಗಿ ತೆರೆಯುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಹುಲಿಗೆಮ್ಮ ಬಾಗಿಲು ಗುದ್ದಿದಳು. “ತೆಗೀರಿ! ಜೀವ ಹೊಂಟೈತಿ!”

“ಗುದ್ದಬ್ಯಾಡ, ಎಲ್ಲಾರ್ನೂ ಕೊಲ್ತಾನ” ಎಂದು ಕತ್ತಲಲ್ಲಿ ಯಾರೋ ಅವಳ ಸೆರಗು ಜಗ್ಗಿದರು.

ಹೊರಗೆ ಕಾವಲುಗಾರ ಚೌಡಯ್ಯನ ದನಿ. “ಸುಮ್ಕಿರವ್ವ, ನಿನ್ ದಮ್ಮಯ್ಯ ಅಂತೀನಿ. ಬೀಗದ ಕೈ ನನ್ ತಾವಿಲ್ಲ ಕಣವ್ವ.”

ಅವನಾಚೆ, ಪರೀಕ್ಷೆಗೆಂದು ಹಾಕಿದ್ದ ಶಾಮಿಯಾನದಲ್ಲಿ ಡಾಕ್ಟರ ನಗು. “ಎಲ್ಲ ಗಟ್ಟಿಮುಟ್ಟಾಗಿದಾರಲ್ಲ ಲೋಕೇಶ್ ಅವರೇ! ಒಂದು ಫೋಟೋ ತಗೊಂಡುಬಿಡೋಣ.” ಕೋಳಿಸಾರಿನ ವಾಸನೆ ತಗಡಿನ ಸಂದಿಯಿಂದ ಒಳಗೆ ಬಂತು.

ಯಂಕೋಬ ತಗಡನ್ನು ಪರಚತೊಡಗಿದ. ಉಗುರು ಕಿತ್ತು ಬಂದರೂ ಪರಚಿದ. ಆಮೇಲೆ ಆ ಸದ್ದು ನಿಂತಿತು.

ಹುಲಿಗೆಮ್ಮ ಅಳಲಿಲ್ಲ. ಕತ್ತಲಲ್ಲಿ ತಡವಿ, ಮೂಲೆಯಲ್ಲಿದ್ದ ಹಾರೆಯನ್ನು ಎಳೆದುಕೊಂಡಳು. ಬಾಗಿಲಿನ ಸಂದಿಗೆ ಚುಚ್ಚಿ ಮೀಟಿದಳು. ಗುದ್ದಬೇಡವೆಂದು ಜಗ್ಗಿದವರೇ ಈಗ ಬಂದು ಹೆಗಲು ಕೊಟ್ಟರು. ಬಾಗಿಲು ಕಿತ್ತು ಚೌಡಯ್ಯನ ಕಾಲಬಳಿ ಬಿತ್ತು.

ಹೆಣವನ್ನು ತಂದು ಡಾಕ್ಟರು ಉಣ್ಣುತ್ತಿದ್ದ ಮೇಜಿನ ಮೇಲೇ ಮಲಗಿಸಿದರು. ತಟ್ಟೆಗಳು ಉರುಳಿದವು. ಸಾರು ಸುಶಮೀಂದ್ರನ ಬಿಳಿ ಅಂಗಿಗೆ ಚೆಲ್ಲಿತು.

“ಇವ್ನೂ ಇದ್ದ ಇಲ್ಲಿ. ನೋಡ್ರಿ ಈಗ” ಎಂದಳು ಹುಲಿಗೆಮ್ಮ.

ಲೋಕೇಶ ಬೆತ್ತ ಬೀಸಿದ. ಅವಳ ಹಣೆ ಒಡೆದು ಕಣ್ಣಿಗೆ ರಕ್ತ ಇಳಿಯಿತು. “ಎಲ್ಲಿಂದ್ಲೋ ಒತ್ಕೊ ಬಂದವ್ಳೆ ಸಾ! ಇವ್ನು ಯಾವನೋ ಏನೋ, ನಂಗೊತ್ತಿಲ್ಲ!”

ಮತ್ತೆ ಬೆತ್ತ ಎತ್ತುವಷ್ಟರಲ್ಲಿ ಅವಳು ಹಾರೆಯನ್ನು ಅವನ ಮೊಣಕಾಲಿಗೆ ಬೀಸಿದಳು. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿತು. ಲೋಕೇಶ ನೆಲಕ್ಕೆ ಬಿದ್ದು ಹಂದಿಯ ಹಾಗೆ ಅರಚಿದ. ಯಾರೂ ಎತ್ತಲು ಹೋಗಲಿಲ್ಲ. ಚೌಡಯ್ಯನೂ ಹೋಗಲಿಲ್ಲ.

ಡಾಕ್ಟರು ಜೀಪಿನತ್ತ ಓಡಿದ. ಹುಲಿಗೆಮ್ಮ ಜೀಪಿನ ಮೂತಿಗೇ ಹಾರೆ ನೆಟ್ಟಳು. ರೇಡಿಯೇಟರಿನ ಬಿಸಿನೀರು ಬುಸ್ಸೆಂದು ಚಿಮ್ಮಿ ಅವಳ ತೋಳು ಸುಟ್ಟಿತು. ಅವಳು ಹಾರೆ ಬಿಡಲಿಲ್ಲ.

“ಏನಮ್ಮಾ ಇದು... ಏನು ಬೇಕು ನಿನಗೆ?” ಡಾಕ್ಟರು ಹಿಂದೆ ಹಿಂದೆ ಸರಿದ.

“ಎದಿ ಸೀಳು.”

“ಏನು?”

“ನನ್ನ ಗಂಡನ ಎದಿ ಸೀಳು. ಇಲ್ಲೇ, ಇವ್ರೆಲ್ಲಾರ ಮುಂದ. ಒಳಗ ಟಿಬಿ ಐತೋ ಕಲ್ಲು ಐತೋ ತೋರ್ಸು. ತೋರ್ಸೂ ತನಕ ನೀ ಹೋಗಂಗಿಲ್ಲ.”

ಮೇಜಿನ ಮೇಲೆ ಯಂಕೋಬನ ಬಾಯಿ ಇನ್ನೂ ತೆರೆದೇ ಇತ್ತು. ಡ್ರೈವರೊಬ್ಬ ಫೋನು ಮಾಡಿದ್ದನೆಂದು ಕಾಣುತ್ತದೆ, ಚಿನಕುರಳಿಯ ಕಡೆಯಿಂದ ಪೊಲೀಸ್ ಜೀಪಿನ ಕೂಗು ಹತ್ತಿರವಾಗುತ್ತಿತ್ತು. ಆಳುಗಳು ಡಾಕ್ಟರನ್ನೂ ಹೆಣವನ್ನೂ ಸುತ್ತುಗಟ್ಟಿ ನಿಂತರು. ಒಬ್ಬೊಬ್ಬರಾಗಿ ಬಗ್ಗಿ ಕೈಗೆ ಕಲ್ಲು ತೆಗೆದುಕೊಂಡರು.