ಬೇವಿನ ಮರದ ಕೆಳಗೆ ಉಂಡವನು

ಜಂಬುನಾಥ್ ತನ್ನ ವರದಿಯಲ್ಲಿ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅದಕ್ಕೇ ನನಗೆ ಅವನ ಮೇಲೆ ಇಷ್ಟು ಸಿಟ್ಟು. ಸುಳ್ಳು ಬರೆದಿದ್ದರೆ ನಾಲ್ಕು ಬೈದು, ಥೂ ಅಂತ ಉಗಿದು ನನ್ನ ಕೆಲಸ ನೋಡಿಕೊಳ್ಳುತ್ತಿದ್ದೆ.

ಸಂಡೂರಿನಲ್ಲಿ ನನ್ನದು ಸಿಮೆಂಟು, ಕಬ್ಬಿಣ, ಬ್ಲಾಕ್ ಮಾರುವ ಅಂಗಡಿ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಶೈಲಜಾ ಟ್ರೇಡರ್ಸ್ ಎಲ್ಲಿ ಅಂತ ಕೇಳಿದರೆ ಯಾರಾದರೂ ಕೈ ಮಾಡಿ ತೋರಿಸುತ್ತಾರೆ. ನಾನು ಇಡುತ್ತಿದ್ದದ್ದು ವಜ್ರಗಲ್ಲು ಕಂಪನಿಯ ಬ್ಲಾಕ್ ಮಾತ್ರ. ತೋರಣಗಲ್ಲಿನ ಕಡೆ ಹೋಗುವ ರಸ್ತೆಯಲ್ಲಿ ಅವರ ಫ್ಯಾಕ್ಟರಿ, ಷೇರು ಪೇಟೆಯಲ್ಲಿ ಅವರ ಹೆಸರು. ಕಾರ್ಖಾನೆಗಳ ಬೂದಿಗೆ ಸಿಮೆಂಟು ಕಲಸಿ ಬ್ಲಾಕ್ ಮಾಡುತ್ತಾರೆ. ಕಲಸುತ್ತಾರೆ ಅಂತ ನಾವು ನಂಬಿದ್ದೆವು.

ಯುಗಾದಿ ಕಳೆದ ಮೇಲೆ ಈ ಜಂಬುನಾಥ್ ಅಂಗಡಿಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ತಣ್ಣನೆಯ ಮಾತು. ಮೂಲ ಕಂಪ್ಲಿಯವನಂತೆ, ಈಗ ಮುಂಬೈಯಲ್ಲಿದ್ದಾನಂತೆ, ಊರಲ್ಲಿ ಅವ್ವನಿಗೊಂದು ಮನೆ ಕಟ್ಟಿಸಬೇಕಂತೆ. ನಮ್ಮ ಕಡೆಯ ಹುಡುಗ, ಅವ್ವನ ನೆನಪು ಇಟ್ಟುಕೊಂಡಿದ್ದಾನಲ್ಲ ಅಂತ ನನ್ನ ಕರುಳು ಕರಗಿತು. ಮಿರ್ಚಿ ಮಂಡಕ್ಕಿ ತರಿಸಿ ತಿನ್ನಿಸಿದೆ. "ಸ್ಯಾಂಪಲ್‌ಗೆ ನಾಕ್ ಬ್ಲಾಕ್ ಕೊಡ್ರಿ ಅಕ್ಕಾರ" ಅಂದ. ಕೊಟ್ಟೆ. ಅವನ ಕಾರಿಗೆ ಬ್ಲಾಕ್ ಎತ್ತಿ ಇಟ್ಟವಳು ಬಸಕ್ಕ.

ಬಸಕ್ಕ ನನ್ನ ಅಂಗಡಿಯಲ್ಲಿ ಲೋಡು ಇಳಿಸುವವಳು. ನನ್ನ ಮಗ ತೊಟ್ಟಿಲಲ್ಲಿದ್ದಾಗಿನಿಂದ ಇದ್ದಾಳೆ. ಊರಿಗೆಲ್ಲ ಮನೆಯ ಸಾಮಾನು ಹೊತ್ತವಳಿಗೆ ಸ್ವಂತ ಮನೆ ಇರಲಿಲ್ಲ. ಆ ವೈಶಾಖದಲ್ಲಿ ಬಂಡ್ರಿಯಲ್ಲಿ, ಗಂಡನ ಪಾಲಿನ ಜಾಗದಲ್ಲಿ ಕಟ್ಟಲು ಶುರು ಮಾಡಿದಳು. ನಾನು ಲಾಭ ಇಟ್ಟುಕೊಳ್ಳದೆ ವಜ್ರಗಲ್ಲು ಬ್ಲಾಕ್ ಕಳಿಸಿದೆ. ಅವಳಿಗೆ ಒಳ್ಳೆಯದೇ ಹೋಗಲಿ ಅಂತ ಹೊಸ ಲೋಡಿನದನ್ನೇ ಕಳಿಸಿದೆ.

ಶ್ರಾವಣದಲ್ಲಿ ಹಾಲು ಉಕ್ಕಿಸುವ ಶಾಸ್ತ್ರ. ನಾನು ಬಂಡ್ರಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಜಂಬುನಾಥ್ ಮತ್ತೆ ಅಂಗಡಿಗೆ ಬಂದ. ನಮ್ಮ ಕಡೆ ಶುಭ ಕಾರ್ಯಕ್ಕೆ ಹೊರಟಾಗ ಎದುರಿಗೆ ಬಂದವರನ್ನು ಬಿಟ್ಟು ಹೋಗುವುದುಂಟೇ? "ನಡೀರಿ, ಬಸಕ್ಕನ ಮನಿ ಊಟ, ನೀವೂ ಬರ್ರಿ" ಅಂತ ಹಟ ಹಿಡಿದು ಕರೆದುಕೊಂಡು ಹೋದೆ. ಬಸಕ್ಕನ ಸಡಗರ ಹೇಳತೀರದು. ಮುಂಬೈಯಿಂದ ಬಂದ ಮನುಷ್ಯ ತನ್ನ ಮನೆಗೆ ಬಂದನಲ್ಲ! ಒಳಗೆ ಚಾಪೆ ಹಾಸಿ, "ಬರ್ರಿ ಅಣ್ಣಾರ, ಒಳಗ ಕುಂದ್ರಿ" ಅಂದಳು.

"ಇಲ್ಲೇ ಆರಾಮ ಐತ್ರಿ" ಅಂದು ಅವನು ಅಂಗಳದ ಬೇವಿನ ಮರದ ಕೆಳಗೆ ಕುಳಿತ.

ಎಲ್ಲರೂ ಕರೆದರು. ಬರಲೇ ಇಲ್ಲ. ಎಂಥ ಸಂಕೋಚದ ಮನುಷ್ಯ, ಹೆಂಗಸರು ಓಡಾಡುವ ಮನೆ ಅಂತ ಹೊರಗೇ ಕುಳಿತ, ದೊಡ್ಡವರ ಮನೆಯ ಸಂಸ್ಕಾರ ಅಂದರೆ ಇದು ಅಂತ ನಾವು ನಾವೇ ಮಾತಾಡಿಕೊಂಡೆವು. ನಾನೂ ಹೊಗಳಿದೆ, ನನ್ನ ಬಾಯಿಗೆ ಮಣ್ಣು ಹಾಕ. ಬಸಕ್ಕನ ದೊಡ್ಡ ಮಗಳು ಗಂಗೋತ್ರಿ ಒಳಗಿನಿಂದ ಹೋಳಿಗೆ ತಂದು ತಂದು ಬಡಿಸಿದಳು. ಅವನು ತುಪ್ಪ ಹಾಕಿಸಿಕೊಂಡು ಉಂಡ, ಎದ್ದ, ಕೈ ಮುಗಿದ, ಹೋದ.

ದಸರಾ ಮುಗಿದ ವಾರ ಟೀವಿಯಲ್ಲಿ ಅವನ ಮುಖ ಬಂತು. ಮನೆ ಕಟ್ಟಿಸುವವನಲ್ಲವಂತೆ. ಶಾರ್ಟ್ ಸೆಲ್ಲರ್ ಅಂತೆ. ಹಂಗಂದರೆ ಏನು ಅಂತ ನನ್ನ ಗಂಡ ಬಿಡಿಸಿ ಹೇಳಿದರು. ಯಾವುದೋ ಕಂಪನಿ ಮುಳುಗುತ್ತದೆ ಅಂತ ಮೊದಲೇ ಗೊತ್ತು ಮಾಡಿಕೊಂಡು, ಅದರ ಷೇರನ್ನು ಇನ್ನೊಬ್ಬರಿಂದ ಕಡ ತಂದು ಮಾರುತ್ತಾರೆ. ಆಮೇಲೆ ಕಂಪನಿಯ ಹುಳುಕನ್ನು ಊರಿಗೆಲ್ಲ ಸಾರುತ್ತಾರೆ. ಷೇರು ಬಿದ್ದಾಗ ಅಗ್ಗಕ್ಕೆ ಕೊಂಡು ವಾಪಸ್ ಕೊಟ್ಟು, ನಡುವಿನದ್ದನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ವಜ್ರಗಲ್ಲು ಬ್ಲಾಕಿನಲ್ಲಿ ಸಿಮೆಂಟು ಹೆಸರಿಗಷ್ಟೇ ಇದೆ, ನೀರು ಕುಡಿದರೆ ಪುಡಿಯಾಗುತ್ತದೆ, ಕಂಪನಿ ತೋರಿಸುವ ಟೆಸ್ಟ್ ಸರ್ಟಿಫಿಕೇಟೆಲ್ಲ ಖೊಟ್ಟಿ ಅಂತ ಅವನ ವರದಿ. ಲ್ಯಾಬಿನಲ್ಲಿ ಬ್ಲಾಕ್ ಒಡೆದು ನೋಡಿದ್ದು ಏಪ್ರಿಲ್‌ನಲ್ಲಿ ಅಂತ ಅವನೇ ಹೆಮ್ಮೆಯಿಂದ ಹೇಳಿಕೊಂಡ.

ಏಪ್ರಿಲ್! ಬಸಕ್ಕ ಒಂದು ಬ್ಲಾಕನ್ನೂ ಕೊಂಡಿರಲಿಲ್ಲ ಆಗ.

ಅಂಗಡಿಯ ಹಿತ್ತಲಲ್ಲಿ ಉಳಿದಿದ್ದ ಒಂದು ಬ್ಲಾಕನ್ನು ನೀರಿನ ತೊಟ್ಟಿಗೆ ಹಾಕಿದೆ. ಮರುದಿನ ಎತ್ತಿದರೆ ಅದರ ಮೂಲೆ ನನ್ನ ಕೈಯಲ್ಲೇ ಉಳಿಯಿತು. ಹೊರಗೆ ಹಿಂಗಾರು ಮಳೆ ಹಿಡಿದಿತ್ತು. ಅದನ್ನೇ ಚೀಲಕ್ಕೆ ಹಾಕಿಕೊಂಡು ಬಂಡ್ರಿಗೆ ಓಡಿದೆ.

ಅಲ್ಲಿ ನೋಡಿದರೆ ಕಂಪನಿಯವರು ನನಗಿಂತ ಮೊದಲೇ ಬಂದು ಹೋಗಿದ್ದರು. ಅವರ ಕನಕರಾಜ್ ಅನ್ನುವ ಸೇಲ್ಸ್ ಅಧಿಕಾರಿ ಬಸಕ್ಕನ ಮನೆಗೆ ಪುಕ್ಕಟೆ ಹಳದಿ ಬಣ್ಣ ಹೊಡೆಸಿ, ಬಾಗಿಲಲ್ಲಿ ಅವಳನ್ನು ನಿಲ್ಲಿಸಿ, ನಮ್ಮ ಬ್ಲಾಕಿನ ಮನೆ ಗಟ್ಟಿಯಾಗಿದೆ ಅಂತ ಪೇಪರಿಗೆ ಹಾಕಲು ಫೋಟೋ ತೆಗೆಸಿಕೊಂಡು ಹೋಗಿದ್ದ. ಗೋಡೆಗೆ ಬಿದ್ದಿದ್ದ ಬಿರುಕಿನ ಮೇಲೆಲ್ಲ ಹಳದಿ ಬಣ್ಣ. ಹಿಂದಿನ ಗೋಡೆಗೆ ಬೆರಳಿಟ್ಟರೆ ತಣ್ಣಗೆ ಒದ್ದೆ. ಆ ಗೋಡೆಯ ಬುಡದಲ್ಲೇ ಮಕ್ಕಳಿಬ್ಬರ ಹಾಸಿಗೆ.

"ಬಸಕ್ಕ, ಇವತ್ತ ಮನಿ ಬಿಡು. ನನ್ನ ಗೋಡೌನ್‌ನ್ಯಾಗ ಇರ್ರಿ" ಅಂದೆ. ಬ್ಲಾಕ್ ತೋರಿಸಿದೆ.

"ಹಿತ್ತಲದಾಗ ಬಿದ್ದಿದ್ದ ಬ್ಲಾಕ್ ಅದು, ನನ್ನ ಮನೀದೇನಲ್ಲ. ಹಾಲುಕ್ಕಿಸಿದ ಮನಿ ಅಕ್ಕಾರ, ದೀಪ ಆರಿಸಿ ಎಲ್ಲಿಗ ಹೋಗ್ಲಿ?"

"ಟೀವಿಯಾಗ ಆ ಜಂಬುನಾಥನೇ ಹೇಳ್ಯಾನಲ್ಲೇ!"

ಬಸಕ್ಕ ನಕ್ಕಳು. "ಏನೋ ಷೇರಿನ ಜಗಳ ಅಂತ ಕಂಪನಿಯವ್ರು ಹೇಳಿದ್ರು. ಆ ಅಣ್ಣಾರು ನಮ್ಮ ಮನಿ ಊಟ ಉಂಡಾರ. ಗ್ವಾಡಿ ಬೀಳೋದು ಗೊತ್ತಿದ್ರ ಅವತ್ತ ಹೇಳ್ತಿದ್ದಿಲ್ಲೇನು? ಮನಷ್ಯಾರು ಹಂಗ ಇರ್ತಾರೇನ್ರಿ?"

ನಾನು ಅತ್ತೆ, ಬೈದೆ, ಕೈ ಹಿಡಿದು ಎಳೆದೆ. ಜಪ್ಪಯ್ಯ ಅಂದರೂ ಅವಳು ಕದಲಲಿಲ್ಲ. ಅವಳಿಗೆ ಲ್ಯಾಬು ಬೇಕಾಗಿರಲಿಲ್ಲ, ಟೀವಿ ಬೇಕಾಗಿರಲಿಲ್ಲ. ತನ್ನ ಮನೆಯ ಹೋಳಿಗೆ ಉಂಡವನು ಮೋಸ ಮಾಡುವುದಿಲ್ಲ ಅನ್ನುವುದೊಂದೇ ಅವಳ ಲೆಕ್ಕ. ಹಾಗಾದರೆ ಉಂಡವನೇ ಬಂದು ಹೇಳಲಿ ಅಂತ ನಾನು ಹೊಸಪೇಟೆಯ ಬಸ್ ಹತ್ತಿದೆ.

ಟೀವಿಯಲ್ಲಿ ಹೇಳಿದ್ದ ಹಾಗೆ ಸ್ಟೇಷನ್ ರಸ್ತೆಯ ದೊಡ್ಡ ಹೋಟೆಲಿನಲ್ಲೇ ಅವನು ಇಳಿದಿದ್ದ. ಹಂಪಿ ನೋಡಿಕೊಂಡು ಬಂದು ಆರಾಮಾಗಿ ಕಾಫಿ ಕುಡಿಯುತ್ತಿದ್ದ. ಕೆಳಗೆ ಟೀವಿಯವರು ಅವನ ಸಂದರ್ಶನಕ್ಕೆ ಕ್ಯಾಮೆರಾ ಜೋಡಿಸುತ್ತಿದ್ದರು.

"ಏಪ್ರಿಲ್‌ನ್ಯಾಗ ಗೊತ್ತಿತ್ತು. ಯಾಕ ಹೇಳ್ಲಿಲ್ಲ?" ಅಂದೆ.

"ಸಿಟ್ಟಾಗಬ್ಯಾಡ್ರಿ ಅಕ್ಕಾರ. ನಮ್ಮ ಬಿಜಿನೆಸ್ ಇರೋದ ಹಂಗ. ಷೇರು ಮಾರಾಕ ಟೈಮ್ ಬೇಕಾಗ್ತದ. ಮೊದ್ಲ ಬಾಯಿ ಬಿಟ್ರ ನಮಗ ಏನೂ ಸಿಗಂಗಿಲ್ಲ. ಆದ್ರ ನೋಡ್ರಿ, ಈಗ ಕಳ್ಳ ಕಂಪನಿ ಸಿಕ್ಕಿಬಿತ್ತಲ್ಲ? ನಮ್ಮಂಥವ್ರು ಇಲ್ದಿದ್ರ ಯಾರ್ ಹಿಡೀತಿದ್ರು?"

ಮೈಯೆಲ್ಲ ಉರಿದುಹೋಯಿತು. ಕಂಪನಿ ಕಳ್ಳ, ನಿಜ. ಅದನ್ನು ಹಿಡಿದವನು ಇವನು, ಅದೂ ನಿಜ. ಕಳ್ಳ ಇನ್ನೂ ಕದಿಯಲಿ, ಕದ್ದಷ್ಟೂ ತನಗೆ ಲಾಭ ಅಂತ ಕಾದು ಕುಳಿತವನೂ ಇವನೇ.

"ಎದ್ದೇಳು. ಬಂಡ್ರಿಗೆ ಬಂದು ಬಸಕ್ಕನ ಮುಂದ ಇದನ್ನ ಹೇಳು."

"ನಮ್ಮ ವಕೀಲ್ರು ಯಾರ ಜೋಡೀನೂ ಮಾತಾಡಬ್ಯಾಡ ಅಂದಾರ್ರಿ."

"ಹೌದಾ? ಹಂಗಾರ ನಾನು ಮಾತಾಡ್ತೀನಿ. ಕೆಳಗ ಕ್ಯಾಮೆರಾ ಐತಲ್ಲ? ಶ್ರಾವಣದಾಗ ನೀನು ಯಾರ ಮನಿಯಾಗ ಏನ್ ಉಂಡಿ ಅಂತ ಹೇಳಿ ಬರ್ತೀನಿ."

ಕಾಫಿ ಅಲ್ಲೇ ಉಳಿಯಿತು. ಹಿಂದಿನ ಬಾಗಿಲಿನಿಂದ ಇಳಿದು, ನನ್ನನ್ನು ಹತ್ತಿಸಿಕೊಂಡು ತನ್ನ ಕಾರು ತೆಗೆದ.

ಬಂಡ್ರಿ ಮುಟ್ಟಿದಾಗ ಸಂಜೆ ಆಗಿರಲಿಲ್ಲ, ಮಳೆ ಸುರಿಯುತ್ತಲೇ ಇತ್ತು. ಕಾರಿನಿಂದ ಇಳಿದು ನಾನು ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡಿದೆ. ಅವನು ಬೇವಿನ ಮರದ ಕೆಳಗೆ ನಿಂತುಬಿಟ್ಟಿದ್ದ. ಬಸಕ್ಕ ಬಾಗಿಲಿಗೆ ಬಂದಳು. ಅವನನ್ನು ಕಂಡದ್ದೇ ಮುಖ ಅರಳಿತು. ನಾನು ಹೇಳಿದ್ದೆನಲ್ಲ ಅನ್ನುವಂತೆ ನನ್ನ ಕಡೆ ನೋಡಿದಳು.

"ಅಯ್ಯ, ನೆನಿಯಾಕತ್ತೀರಲ್ಲ ಅಣ್ಣಾರ! ಒಳಗ ಬರ್ರಿ, ಚಾ ಮಾಡ್ತೀನಿ."

ಕೊಂಬೆಯಿಂದ ನೀರು ಅವನ ತಲೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅಂಗಿ ಅರ್ಧ ತೊಯ್ದು ಹೋಗಿತ್ತು.

"ಇಲ್ಲೇ ಆರಾಮ ಐತ್ರಿ" ಅಂದ.

ಬಸಕ್ಕನ ನಗು ನಿಂತಿತು. ಮಳೆಯಲ್ಲಿ ತೊಯ್ಯುತ್ತಾ ಆರಾಮ ಐತಿ ಅಂದವನನ್ನು ನೋಡಿದಳು. ಅವನು ಅವತ್ತು ಕುಳಿತಿದ್ದ ಜಾಗ ನೋಡಿದಳು. ಆಮೇಲೆ ತನ್ನ ಹಳದಿ ಗೋಡೆಯ ಕಡೆ ತಿರುಗಿದಳು.

"ಗಂಗೋತ್ರೀ! ತಂಗೀನ ಕರ್ಕೊಂಡು ಹೊರಗ ಬಾ. ಜಲ್ದಿ!" ಅಂತ ಕೂಗಿದಳು. ಮಕ್ಕಳು ಬರಿಗಾಲಲ್ಲಿ ಓಡಿ ಬಂದವು. ತಾನು ಒಳಗೆ ಹೋಗಿ ದೀಪ ಎತ್ತಿಕೊಂಡು, ಮಳೆಗೆ ಆರದ ಹಾಗೆ ಸೆರಗು ಅಡ್ಡ ಹಿಡಿದು ಅಂಗಳ ದಾಟಿ ಅವನೆದುರು ಬಂದು ನಿಂತಳು.

"ಹೋಳಿಗಿ ಚಲೋ ಆಗ್ಯಾವ ಅಂತ ಇನ್ನೊಮ್ಮೆ ಹಾಕಿಸ್ಕೊಂಡ್ಯಲ್ಲೋ" ಅಂದಳು. ಅಣ್ಣಾರು ಅನ್ನಲಿಲ್ಲ. "ನಿನಗ ಬಡಿಸಾಕ ಈ ಹುಡುಗಿ ಎಷ್ಟ್ ಸಲ ಒಳಗ ಹೋದ್ಳು, ಎಷ್ಟ್ ಸಲ ಹೊರಗ ಬಂದ್ಳು. ಒಂದ್ ಸಲಾನರ ಅಕಿ ಕೈ ಹಿಡ್ಕೊಂಡು, ಒಳಗ ಹೋಗಬ್ಯಾಡವ್ವ ಅನ್ನಾಕ ನಿನಗ ಬಾಯಿ ಬರ್ಲಿಲ್ಲೇನೋ?"

ಮಳೆ ಜೋರಾಯಿತು. ಅವನು ಮರದ ಬುಡಕ್ಕೆ ಇನ್ನಷ್ಟು ಒತ್ತಿಕೊಂಡ. ಬಸಕ್ಕ ಅವನ ತೋಳು ಹಿಡಿದು ಮಳೆಗೆ ಸರಿಸಿ, ಆ ಜಾಗದಲ್ಲಿ ಮಕ್ಕಳಿಬ್ಬರನ್ನು ನಿಲ್ಲಿಸಿದಳು.